ಜವಳಿ ಪೇಟೆಯ ತಳದಲ್ಲೊಂದು ಪೋಲೆಂಡ್

ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾಗಿ, ಜವಳಿಗೆ ಎಲ್ಲಿ ಹೋಗುವುದು ಎಂಬ ಮಾತು ಎದ್ದರೆ ಗಾಂಧಿನಗರದ ಹೆಸರೂ ಬರುತ್ತದೆ. ಕೊಲ್ಲಾಪುರದ ಮಗ್ಗುಲಲ್ಲೇ ಇರುವ ಸಗಟು ಪೇಟೆ ಅದು. ಮಹಾಲಕ್ಷ್ಮಿಯ ದರ್ಶನವೂ ಆಯಿತು, ಕಡಿಮೆ ದರಕ್ಕೆ ಸೀರೆಯೂ ಸಿಕ್ಕಿತು ಎಂಬ ಲೆಕ್ಕಾಚಾರ. ಅಂಗಡಿಗಳು ಬಹುಪಾಲು ಸಿಂಧಿಗಳವು. ಗಾದಿಯ ಮೇಲೆ ಬಿಚ್ಚಿ ಹರಡಿದ ಥಾನುಗಳ ನಡುವೆ ಚೌಕಾಸಿಗೆ ಕೂತ ಗಿರಾಕಿಗಳ ಬಾಯಲ್ಲಿ ಮರಾಠಿಯ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ಈ ನೆಲದ ಮೇಲೆ 1943ರಿಂದ 1948ರವರೆಗೆ ಪೋಲೆಂಡಿನ ಒಂದು ಊರೇ ಇತ್ತು ಎಂದರೆ ಸೀರೆ ಮಡಚುವವನೂ ಒಂದು ಗಳಿಗೆ ಕೈ ನಿಲ್ಲಿಸಿಯಾನು.

ಮಿರಜದಿಂದ ಕೊಲ್ಲಾಪುರಕ್ಕೆ ಹೋಗುವ ಗಾಡಿ ರುಕಡಿ ಬಿಟ್ಟು ಪಂಚಗಂಗೆಯ ಸೇತುವೆ ದಾಟಿದ ಮೇಲೆ ವಳಿವಡೆ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಆ ಪೋಲಿಷ್ ಊರೆಂದರೆ ಯುದ್ಧಕಾಲದ ಒಂದು ನಿರಾಶ್ರಿತರ ಶಿಬಿರ, ಅದಕ್ಕೆ ಆ ಹಳ್ಳಿಯದೇ ಹೆಸರು. ಸುಮಾರು 5000 ಜನರಿಗೆಂದು ಕಟ್ಟಿದ್ದು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಉಳಿದವರು ಮುದುಕರು. ಪ್ರಾಯದ ಗಂಡಸರು ಒಂದೋ ಸೈನ್ಯದಲ್ಲಿದ್ದರು, ಇಲ್ಲವೇ ಮಣ್ಣಾಗಿದ್ದರು. ತಾಯಿಯೂ ಇಲ್ಲದ, ತಂದೆ ಎಲ್ಲಿದ್ದಾನೆಂದು ತಿಳಿಯದ ಮಕ್ಕಳಿಗಾಗಿ ಶಿಬಿರದೊಳಗೇ ಒಂದು ಅನಾಥಾಲಯವಿತ್ತು.

ಈ ಮಕ್ಕಳು ಅನಾಥರಾದ ಕಥೆಯಲ್ಲಿ ಒಂದು ಕ್ರೂರವಾದ ವಿಚಿತ್ರವಿದೆ. ಮೊದಲನೇ ಮಹಾಯುದ್ಧದ ಬೆನ್ನಿಗೇ ಪೋಲೆಂಡಿಗೂ ಸೋವಿಯತ್ ರಷ್ಯಾಕ್ಕೂ ಒಂದು ಕಾಳಗವಾಯಿತು. ಅದರಲ್ಲಿ ಹೋರಾಡಿ ಬಂದ ಸೈನಿಕರಿಗೆ ಪೋಲೆಂಡ್ ಸರ್ಕಾರ ತನ್ನ ಪೂರ್ವದ ಗಡಿಯಲ್ಲಿ ಜಮೀನು ಕೊಟ್ಟಿತು. ಯೋಧನಿಗೆ ಭೂಮಿ ಕೊಡುವುದು ನಮಗೇನೂ ಹೊಸದಲ್ಲ. ಊರಿಗಾಗಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ನೆತ್ತರುಗೊಡಗೆಯ ಶಾಸನಗಳು ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಸಿಕ್ಕಿವೆ. ತಂದೆ ಸತ್ತರೂ ಮಕ್ಕಳು ಉಪವಾಸ ಬೀಳಬಾರದು ಎಂಬುದೇ ಆ ದಾನದ ಒಳಗುಟ್ಟು. ಪೋಲೆಂಡಿನಲ್ಲಿ ಆದದ್ದು ಇದರ ತಿರುಗುಮುರುಗು. 1939ರ ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪಶ್ಚಿಮದಿಂದ ನುಗ್ಗಿದ, 17ಕ್ಕೆ ಸ್ಟಾಲಿನ್ ಪೂರ್ವದಿಂದ. ಪೂರ್ವದ ಗಡಿಯಲ್ಲಿ ಜಮೀನು ಪಡೆದಿದ್ದ ಆ ಹಳೆಯ ಸೈನಿಕರ ಹೆಸರುಗಳು ಸರ್ಕಾರಿ ದಾಖಲೆಗಳಲ್ಲಿ ಸಾಲಾಗಿ ಇದ್ದವಲ್ಲ, ಹುಡುಕುವ ಕಷ್ಟವೇ ಬರಲಿಲ್ಲ. 1940ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಮೊದಲ ಸುತ್ತಿಗೆ ಎಬ್ಬಿಸಿಕೊಂಡು ಹೋದದ್ದು ಅವರ ಮನೆಗಳನ್ನೇ, ಜೊತೆಗೆ ಅರಣ್ಯ ಕಾವಲುಗಾರರ ಮನೆಗಳನ್ನು. ಸಾಮಾನು ಸಾಗಿಸುವ ವ್ಯಾಗನ್ನುಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಅಟ್ಟಿದರು. ಅದೇ ವಸಂತದಲ್ಲಿ ಸೆರೆಸಿಕ್ಕ ಪೋಲಿಷ್ ಅಧಿಕಾರಿಗಳೂ ಇತರರೂ ಸೇರಿ ಸುಮಾರು 22,000 ಮಂದಿಯನ್ನು ಕಾತಿನ್ ಕಾಡಿನಲ್ಲೂ ಬೇರೆ ಕಡೆಗಳಲ್ಲೂ ಗುಂಡಿಟ್ಟು ಕೊಂದರು. ಅವರ ಹೆಂಡಿರು ಮಕ್ಕಳನ್ನು ಏಪ್ರಿಲ್ ತಿಂಗಳ ಎರಡನೇ ಸುತ್ತಿನಲ್ಲಿ ಕಜಾಕಿಸ್ತಾನಕ್ಕೆ ಸಾಗಿಸಿದರು. ಗಂಡನಿಂದ ಕಾಗದ ಬರುವುದು ಯಾಕೆ ನಿಂತಿತು ಎಂಬುದು ಆ ಹೆಂಗಸರಿಗೆ ಗೊತ್ತಾಗಿದ್ದು 1943ರಲ್ಲಿ ಕಾತಿನ್ನಿನ ಗುಂಡಿಗಳ ಸುದ್ದಿ ಹೊರಬಿದ್ದ ಮೇಲೆ.

1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ದೇಶದ ಮೇಲೂ ಬಿದ್ದ. ಸ್ಟಾಲಿನ್‌ಗೆ ಈಗ ಪೋಲರು ಬೇಕಾದರು. ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರ್ಕಾರದ ಜೊತೆ ಜುಲೈ 30ರಂದು ಒಪ್ಪಂದವಾಯಿತು. ಸೆರೆಮನೆಯಿಂದ ಬಿಡುಗಡೆಯಾದ ಜನರಲ್ ವ್ಲಾಡಿಸ್ಲಾವ್ ಆಂಡರ್ಸ್ ಪೋಲಿಷ್ ಸೈನ್ಯ ಕಟ್ಟಲು ನಿಂತ. ಸುದ್ದಿ ಕಿವಿಯಿಂದ ಕಿವಿಗೆ ಹಬ್ಬಿ, ಹಿಮದ ನಾಡಿನ ಮೂಲೆಮೂಲೆಗಳಿಂದ ಮೂಳೆಚಕ್ಕಳವಾದ ಜನ ದಕ್ಷಿಣದ ಉಜ್ಬೆಕಿಸ್ತಾನದ ಕಡೆ ಹೊರಟರು. ಸೈನ್ಯ ಸೇರಿದವನಿಗೆ ರೊಟ್ಟಿ. ಅವನ ಪಾಲಿನಲ್ಲೇ ಮನೆಮಂದಿಯೂ ಒಂದು ತುಣುಕು ಕಾಣಬೇಕು. ಟೈಫಸ್ ಜ್ವರ ಗುಂಪುಗುಂಪಾಗಿ ಜನರನ್ನು ತಿಂದಿತು.

ಸೈನ್ಯದ ಪಕ್ಕದಲ್ಲೇ ಅನಾಥಾಲಯಗಳು ಹುಟ್ಟಿಕೊಂಡವು. ಅಲ್ಲಿಗೆ ಬಂದ ಮಕ್ಕಳೆಲ್ಲ ನಿಜಕ್ಕೂ ಅನಾಥರಲ್ಲ. ತಾಯಂದಿರೇ ತಂದು ಬಾಗಿಲಲ್ಲಿ ಬಿಟ್ಟು ಹೋದವರೂ ಇದ್ದರು. ಒಳಗೆ ಸೇರಿದರೆ ಹೊಟ್ಟೆಗೆ ಗಂಜಿ, ಅದೃಷ್ಟವಿದ್ದರೆ ಆ ದೇಶದಿಂದಾಚೆಗೆ ಹೋಗುವ ದಾರಿ. ಬದುಕಲಿ ಎಂದು ಮಗುವನ್ನು ಅನಾಥ ಎಂದು ಬರೆಸಿದ ತಾಯಿ ತಾನು ಉಳಿದಳೋ ಇಲ್ಲವೋ, ಎಷ್ಟೋ ಮಕ್ಕಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅನಾಥಾಲಯದ ದಾಖಲೆ ಪುಸ್ತಕವನ್ನು ನೋಡುವಾಗ ಇದನ್ನು ಮರೆಯಬಾರದು. ಅದರಲ್ಲಿ ಬರೆದಿರುವುದು ಆ ಮಗುವಿನ ಸ್ಥಿತಿಯಷ್ಟೇ ಅಲ್ಲ, ಯಾರೋ ಒಬ್ಬಳು ಎದೆ ಕಲ್ಲು ಮಾಡಿಕೊಂಡು ಹೂಡಿದ ಉಪಾಯ ಕೂಡ.

1942ರಲ್ಲಿ ಎರಡು ಕಂತುಗಳಲ್ಲಿ ಆಂಡರ್ಸ್ ಸೈನ್ಯ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂತು. ಸೈನಿಕರೂ ಮನೆಮಂದಿಯೂ ಸೇರಿ ಒಂದು ಲಕ್ಷದ ಮೇಲೆ. ಸೈನ್ಯ ಮುಂದೆ ಇರಾಕ್, ಪ್ಯಾಲೆಸ್ಟೈನ್ ದಾರಿಯಲ್ಲಿ ಯುದ್ಧಕ್ಕೆ ಹೋಯಿತು. ಹೆಂಗಸರು ಮಕ್ಕಳನ್ನು ಎಲ್ಲಿಡುವುದು? ಪೂರ್ವ ಆಫ್ರಿಕಾ, ಮೆಕ್ಸಿಕೊ, ನ್ಯೂಜಿಲೆಂಡ್ ಹೀಗೆ ಪ್ರಪಂಚದ ಉದ್ದಗಲಕ್ಕೂ ಅವರನ್ನು ಹಂಚಿದರು. ಒಂದು ಪಾಲು ಭಾರತಕ್ಕೆ ಬಂತು.

ನಮ್ಮಲ್ಲಿ ಹೆಚ್ಚು ಹೆಸರಾಗಿರುವುದು ಗುಜರಾತಿನ ಬಾಲಾಚಡಿ. ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹರು, ಕ್ರಿಕೆಟ್ಟಿನ ರಣಜಿತ್‌ಸಿಂಹರ ಉತ್ತರಾಧಿಕಾರಿ, ಕಡಲ ತಡಿಯ ತಮ್ಮ ಬೇಸಿಗೆ ಅರಮನೆಯ ಹತ್ತಿರ 1942ರಲ್ಲೇ ಪೋಲಿಷ್ ಅನಾಥ ಮಕ್ಕಳಿಗೆ ಶಿಬಿರ ಕಟ್ಟಿಸಿದರು. ಮೊದಲ ತಂಡ ಬಂದದ್ದು ಲಾರಿಗಳಲ್ಲಿ, ಅಶ್ಗಾಬಾದಿನಿಂದ ಇರಾನಿನ ಮಶ್ಹದ್, ಜಾಹೆದಾನ್ ಮೇಲೆ ಕ್ವೆಟ್ಟಾಕ್ಕೆ. ಆ ಮಕ್ಕಳ ಜೊತೆ ಬಂದವರಲ್ಲಿ ವಾರ್ಸಾದ ಸಿನಿಮಾ ತಾರೆ, ಗಾಯಕಿ ಹಾಂಕಾ ಓರ್ಡೊನೂವ್ನಾ ಕೂಡ ಇದ್ದಳು. ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವರು ಮುಂಬೈಯ ಪೋಲಿಷ್ ಕಾನ್ಸುಲ್‌ನ ಪತ್ನಿ ಕಿರಾ ಬನಾಸಿನ್ಸ್ಕಾ. ಯುದ್ಧ ಮುಗಿದರೂ ಆಕೆ ವಾಪಸಾಗಲಿಲ್ಲ, ಭಾರತದಲ್ಲೇ ಉಳಿದರು. ಬಾಲಾಚಡಿಯ ಪಾಲಕ್ ಸೊಪ್ಪಿನ ಪ್ರಸಂಗವನ್ನು ಅಲ್ಲಿ ಬೆಳೆದವರು ಮುಪ್ಪಿನಲ್ಲೂ ಹೇಳಿಕೊಂಡು ನಗುತ್ತಿದ್ದರು. ದಿನಾ ಅದೇ ಬೇಯಿಸಿದ ಸೊಪ್ಪು ನೋಡಿ ನೋಡಿ ರೋಸಿದ ಮಕ್ಕಳು ಊಟ ಬಿಟ್ಟು ಮುಷ್ಕರ ಹೂಡಿದರಂತೆ. ಸುದ್ದಿ ತಿಳಿದ ಜಾಮ್ ಸಾಹೇಬರು ಇನ್ನು ಈ ಅಡುಗೆಮನೆಗೆ ಆ ಸೊಪ್ಪು ಬರಕೂಡದು ಎಂದು ಅಪ್ಪಣೆ ಮಾಡಿದರಂತೆ. ಎರಡು ವರ್ಷ ರೊಟ್ಟಿಯ ಚೂರಿಗೆ ಹೊಡೆದಾಡಿದ್ದ ಮಕ್ಕಳು ಇದು ಬೇಡ ಎನ್ನುವಷ್ಟು ಚೇತರಿಸಿಕೊಂಡಿದ್ದರು ಎಂಬುದೇ ಆ ಶಿಬಿರದ ದೊಡ್ಡ ಗೆಲುವು ಎನ್ನಿಸುತ್ತದೆ ನನಗೆ.

ಬಾಲಾಚಡಿ ಮಕ್ಕಳದು, ವಳಿವಡೆ ಸಂಸಾರಗಳದು. ಮುಂಬೈ ದಾರಿಯಲ್ಲಿ ಬರುವವರು ಪುಣೆಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಪುಣೆಯಿಂದಾಚೆ ಮಿರಜ, ಕೊಲ್ಲಾಪುರದವರೆಗೂ ಆಗ ಇದ್ದದ್ದು ಮೀಟರ್ ಗೇಜ್ ಹಳಿ, 1971ರವರೆಗೂ ಹಾಗೇ ಇತ್ತು. ಹಳಿ ಬದಲಾಗುವ ಆ ಊರಿನಲ್ಲಿ 1943ರಲ್ಲಿ ಇನ್ನೂ ಒಂದು ಸಂಗತಿ ಇತ್ತು. ನಿಲ್ದಾಣದಿಂದ ಕೆಲವೇ ಮೈಲಿ ದೂರದ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ, ಕಸ್ತೂರ್‌ಬಾ ಸೆರೆಯಲ್ಲಿದ್ದರು. ಬಂಗಾಳದಲ್ಲಿ ಅದೇ ವರ್ಷ ಜನ ಬೀದಿಬೀದಿಗಳಲ್ಲಿ ಹಸಿವಿನಿಂದ ಸಾಯುತ್ತಿದ್ದರು. ನಮ್ಮ ವಿಜಾಪುರ ಸೀಮೆಯೂ ಬರದಲ್ಲಿ ಬೆಂದಿತ್ತು. ಪೋಲಿಷ್ ಮಕ್ಕಳಿಗೆ ಆಸರೆ ಕೊಟ್ಟದ್ದನ್ನು ಅತಿಥಿ ಸತ್ಕಾರದ ಸುಂದರ ಕಥೆಯಾಗಿ ಹೇಳುವಾಗ ಇದನ್ನೆಲ್ಲ ಬದಿಗೆ ತಳ್ಳುವುದು ವಾಡಿಕೆ. ಬದಿಗೆ ತಳ್ಳಬೇಕಾಗಿಲ್ಲ. ತಾನೇ ಹಸಿದ, ತಾನೇ ಸೆರೆಯಲ್ಲಿದ್ದ ದೇಶವೊಂದು ಇನ್ನೊಂದು ಮುರಿದ ದೇಶದ ಮಕ್ಕಳನ್ನು ಸಾಕಿತು ಎಂದರೆ ಆ ಕಥೆಯ ತೂಕ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಯಾರು ಸಾಕಿದರು ಎಂಬುದನ್ನೂ ಸರಿಯಾಗಿ ಹೇಳಬೇಕು. ಕೊಲ್ಲಾಪುರದ ಮಹಾರಾಜರು ಕರೆದು ಆಶ್ರಯ ಕೊಟ್ಟರು ಎಂದು ಇಂದಿನ ಭಾಷಣಗಳಲ್ಲಿ ಕೇಳುತ್ತೇವೆ. ಆಗ ಕೊಲ್ಲಾಪುರದ ಗಾದಿಯಲ್ಲಿ ಇದ್ದದ್ದು ಇನ್ನೂ ಎರಡು ತುಂಬದ ಒಬ್ಬ ದತ್ತು ಬಾಲಕ. ಆಡಳಿತವೆಲ್ಲ ರೀಜೆನ್ಸಿಯ ಕೈಯಲ್ಲಿ. ಶಿಬಿರ ಮಾಡಿದ್ದು ಬ್ರಿಟಿಷ್ ಭಾರತ ಸರ್ಕಾರ. ಅದರ ನಿರಾಶ್ರಿತರ ಅಧಿಕಾರಿ ಕ್ಯಾಪ್ಟನ್ ವೆಬ್ ಎಂಬಾತ. ಖರ್ಚು ಲಂಡನ್ನಿನ ಪೋಲಿಷ್ ಸರ್ಕಾರದ್ದು, ಅದೂ ಬ್ರಿಟನ್ ಕೊಟ್ಟ ಸಾಲದಿಂದ. ಸಂಸ್ಥಾನ ಕೊಟ್ಟದ್ದು ನೆಲ, ನೀರು, ನೆರೆಹೊರೆ. ಇದೇನು ಕಡಿಮೆಯಲ್ಲ. ಬಾಲಾಚಡಿಯ ಜಾಮ್ ಸಾಹೇಬರ ಕಥೆಯನ್ನೇ ವಳಿವಡೆಗೂ ಅಂಟಿಸಿದರೆ ಎರಡೂ ಮಸುಕಾಗುತ್ತವೆ ಎಂಬುದಷ್ಟೇ ನನ್ನ ತಕರಾರು.

ಬಿದಿರಿನ ತಟ್ಟಿಯ ಗೋಡೆ, ಮೇಲೆ ಹೆಂಚು, ಮುಂದೆ ಉದ್ದಕ್ಕೆ ಜಗಲಿ. ಇಂಥ ಉದ್ದುದ್ದದ ಬ್ಯಾರಕ್ಕುಗಳ ಸಾಲು, ಒಂದೊಂದರಲ್ಲೂ ಹಲವು ಸಂಸಾರ. ಚರ್ಚು, ಆಸ್ಪತ್ರೆ, ಅಂಚೆ ಕಚೇರಿ, ರಂಗಮಂದಿರ, ಪ್ರಾಥಮಿಕ ಶಾಲೆಯಿಂದ ಹಿಡಿದು ಪ್ರೌಢಶಾಲೆಯವರೆಗೆ ಎಲ್ಲವೂ ಬೇಲಿಯೊಳಗೇ. ಪಾಠವೆಲ್ಲ ಪೋಲಿಷ್ ಭಾಷೆಯಲ್ಲಿ, ಪೋಲೆಂಡಿನದೇ ಪಠ್ಯಕ್ರಮ, ಏಕೆಂದರೆ ನಾಳೆಯೋ ನಾಡಿದ್ದೋ ಊರಿಗೆ ಮರಳುತ್ತೇವೆ ಎಂಬ ನಂಬಿಕೆ. ಮುಂಬೈಯಿಂದ ಅವರದೇ ಪತ್ರಿಕೆ ಬರುತ್ತಿತ್ತು. ಹುಡುಗ ಹುಡುಗಿಯರೆಲ್ಲ ಸ್ಕೌಟು. ಪನ್ಹಾಳ ಕೋಟೆಗೆ ಪ್ರವಾಸ, ಪಂಚಗಂಗೆಯಲ್ಲಿ ಈಜು. ಎದೆ ದುರ್ಬಲವಾದವರನ್ನು ಪಂಚಗಣಿಯ ಆರೋಗ್ಯಧಾಮಕ್ಕೆ ಕಳಿಸುತ್ತಿದ್ದರು. ಸೈಬೀರಿಯಾದಲ್ಲಿ ಮೂಳೆಗೆ ಇಳಿದ ರೋಗಗಳು ಅಷ್ಟು ಬೇಗ ಬಿಡುವಂಥವಲ್ಲ. ಬದುಕಿ ಬಂದವರಲ್ಲೂ ಕೆಲವರು ಇಲ್ಲಿ ಸತ್ತರು. ಕೊಲ್ಲಾಪುರದ ಕ್ರಿಶ್ಚಿಯನ್ ಸ್ಮಶಾನದಲ್ಲಿ ಅವರ ಗೋರಿಗಳಿವೆ.

ಶಿಬಿರಗಳಿಗೆ ಆಗಾಗ ಬಂದು ಮಕ್ಕಳಿಗೆ ಭಾರತದ ಕಥೆ ಹೇಳುತ್ತಿದ್ದ ಒಬ್ಬ ಪೋಲಿಷ್ ಹೆಂಗಸಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ವಾಂಡಾ ಡಿನೋವ್‌ಸ್ಕಾ, 1935ರಲ್ಲಿ ಭಾರತಕ್ಕೆ ಬಂದವರು, ಗಾಂಧೀಜಿಯ ಬಳಗದಲ್ಲಿ ಉಮಾದೇವಿ ಎಂದು ಹೆಸರು. ಅವರ ಜೊತೆಗಾರ ಮೌರಿಸ್ ಫ್ರಿಡ್‌ಮನ್, ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿಯನ್ನು ನಡೆಸಲು ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬಂದ ಪೋಲಿಷ್ ಯಹೂದಿ ಎಂಜಿನಿಯರ್. ಮ್ಯಾನೇಜರ್ ಸಾಹೇಬರು ಕೆಲವೇ ವರ್ಷಗಳಲ್ಲಿ ಕಾವಿ ತೊಟ್ಟು ಭಾರತಾನಂದರಾದರು, ಸಾತಾರಾ ಸೀಮೆಯ ಪುಟ್ಟ ಔಂಧ್ ಸಂಸ್ಥಾನದಲ್ಲಿ ಗಾಂಧೀಜಿಯ ಸ್ವರಾಜ್ಯದ ಪ್ರಯೋಗಕ್ಕೆ ಹೆಗಲು ಕೊಟ್ಟರು. ಈ ಇಬ್ಬರೂ ಸೇರಿ 1944ರಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆಯೊಂದನ್ನು ಶುರು ಮಾಡಿದರು. ಊರು ಕಳೆದುಕೊಂಡ ಮಕ್ಕಳಿಗೆ ತಾವು ನಿಂತ ನೆಲ ಯಾವುದೆಂದು ಅವರದೇ ಭಾಷೆಯಲ್ಲಿ ತಿಳಿಸುವ ಕೆಲಸ. ಶಿಬಿರ ಮುಚ್ಚಿದ ಮೇಲೆ ಡಿನೋವ್‌ಸ್ಕಾ ಪೋಲೆಂಡಿಗೆ ನೆಲೆಸಲು ಹೋಗಲಿಲ್ಲ. 1959ರ ನಂತರ ಟಿಬೆಟ್ಟಿನಿಂದ ಬಂದ ನಿರಾಶ್ರಿತ ಮಕ್ಕಳ ಸೇವೆಗೆ ನಿಂತು, ಕೊನೆಗೆ 1971ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ.

ಮಕ್ಕಳು ಪಂಚಗಂಗೆಯಲ್ಲಿ ಈಜುತ್ತಿದ್ದ 1944ರ ಬೇಸಿಗೆಯಲ್ಲಿ ಅವರ ಅಪ್ಪಂದಿರು, ಅಣ್ಣಂದಿರು ಇಟಲಿಯ ಮಾಂಟೆ ಕ್ಯಾಸಿನೊ ಗುಡ್ಡ ಹತ್ತುತ್ತಿದ್ದರು. ಮೇ 18ರಂದು ಅಲ್ಲಿನ ಮಠದ ಅವಶೇಷದ ಮೇಲೆ ಬಾವುಟ ಏರಿಸಿದ್ದು ಆಂಡರ್ಸ್‌ನ ಪೋಲಿಷ್ ಪಡೆ. ಆ ಗುಡ್ಡದ ಕೆಳಗೆ ಗಾರಿ ನದಿ ದಾಟುತ್ತಿದ್ದದ್ದು ಎಂಟನೇ ಭಾರತೀಯ ಡಿವಿಷನ್, ಅದರಲ್ಲಿ ಬೆಳಗಾವಿಯಲ್ಲಿ ತರಬೇತಿ ಪಡೆದ ಮರಾಠಾ ಲೈಟ್ ಇನ್ಫಂಟ್ರಿಯ ಜವಾನರು. ಇಟಲಿಯಲ್ಲಿ ಆ ರೆಜಿಮೆಂಟಿಗೆ ಎರಡು ವಿಕ್ಟೋರಿಯಾ ಕ್ರಾಸ್ ಬಂದವು, ಯಶವಂತ ಘಾಡ್ಗೆ ಮತ್ತು ನಾಮದೇವ ಜಾಧವರಿಗೆ. ಘಾಡ್ಗೆ ಅದನ್ನು ನೋಡಲು ಉಳಿಯಲಿಲ್ಲ. ಕೊಲ್ಲಾಪುರ, ಸಾತಾರಾ, ಬೆಳಗಾವಿ ಕಡೆಯ ಸಿಪಾಯಿಗಳೂ ಪೂರ್ವ ಪೋಲೆಂಡಿನ ಲ್ವೂವ್, ವಿಲ್ನೊ ಕಡೆಯ ಸಿಪಾಯಿಗಳೂ ಒಂದೇ ಕಣಿವೆಯಲ್ಲಿ ಒಂದೇ ಸೈನ್ಯದ ಕೆಳಗೆ ಸಾಯುತ್ತಿದ್ದರು. ಅವರ ಮಕ್ಕಳು ಒಂದೇ ನದಿಯ ನೀರು ಕುಡಿಯುತ್ತಿದ್ದರು. ಈ ಸಂಬಂಧವನ್ನು ಯಾವ ಸ್ಮಾರಕದ ಮಾತುಗಾರರೂ ಹೆಚ್ಚು ಎತ್ತುವುದಿಲ್ಲ.

ಹಾಗಾದರೆ ನಮ್ಮ ಸಿಪಾಯಿಯ ಮಕ್ಕಳಿಗೆ ಮನೆ ಎಲ್ಲಿತ್ತು? ಬ್ರಿಟಿಷರಿಗೆ ಸೈನಿಕರ ಅನಾಥ ಮಕ್ಕಳ ಆಶ್ರಮ ಕಟ್ಟುವ ರೂಢಿ ಹಳೆಯದು, ಆದರೆ ಅದು ಗೋರಾ ಸಿಪಾಯಿಗಳ ಮಕ್ಕಳಿಗೆ. ಹೆನ್ರಿ ಲಾರೆನ್ಸ್ ಸನಾವರ್‌ನಲ್ಲಿ 1847ರಲ್ಲಿ ತೆರೆದದ್ದು, ಅವನ ಹೆಸರಿನಲ್ಲಿ 1858ರಲ್ಲಿ ಊಟಿಯಲ್ಲಿ ಶುರುವಾಗಿ ಲವ್‌ಡೇಲ್‌ನಲ್ಲಿ ನೆಲೆನಿಂತದ್ದು, ಎಲ್ಲ ಅಂಥವೇ. ಬಿಸಿಲಿನ ಕಂಟೋನ್ಮೆಂಟಿನಿಂದ, ಬಜಾರಿನ ಸಹವಾಸದಿಂದ ದೂರವಿಡುವುದು ಉದ್ದೇಶ. ತಂದೆ ತಾಯಿ ಇಬ್ಬರೂ ಯುರೋಪಿನವರಾದ ಮಕ್ಕಳಿಗೆ ಮೊದಲ ಮಣೆ. ಭಾರತೀಯ ಸಿಪಾಯಿಯ ಮಗ ಅಜ್ಜನ ಮನೆಯಲ್ಲೋ ಸೋದರಮಾವನ ಹಟ್ಟಿಯಲ್ಲೋ ಬೆಳೆದುಕೊಳ್ಳಬೇಕು. ಮೊದಲ ಮಹಾಯುದ್ಧದ ನಂತರವೇ ಜಲಂಧರ್, ಝೇಲಂ, ಅಜ್ಮೇರ್‌ಗಳಲ್ಲಿ ಕಿಂಗ್ ಜಾರ್ಜ್ ಸೈನಿಕ ಶಾಲೆಗಳು ಬಂದವು. ದಕ್ಷಿಣದ ಪಾಲಿಗೆ 1945ರಲ್ಲಿ ಬೆಳಗಾವಿಯಲ್ಲಿ, 1946ರಲ್ಲಿ ಬೆಂಗಳೂರಿನಲ್ಲಿ. ಇವುಗಳಲ್ಲಿ ಭಾರತದ ಪಾಲಿಗೆ ಉಳಿದವೇ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಎರಡನೇ ಮಹಾಯುದ್ಧಕ್ಕೆ ಭಾರತದಿಂದ 25 ಲಕ್ಷ ಜನ ಹೋಗಿ ಸುಮಾರು 87,000 ಮಂದಿ ಮರಳಲಿಲ್ಲ. ಆ ಲೆಕ್ಕದ ಮುಂದೆ ಬೆರಳೆಣಿಕೆಯ ಶಾಲೆಗಳು, ಅವೂ ಗಂಡುಮಕ್ಕಳಿಗೆ ಮಾತ್ರ. ಸತ್ತ ಸಿಪಾಯಿಯ ಮಗಳ ಪಾಲಿಗೆ ಅದೂ ಇಲ್ಲ.

ಇಂದು ಪುಣೆಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ಸೈನಿಕ ಕಲ್ಯಾಣ ಇಲಾಖೆ ಜಿಲ್ಲೆಗಳಲ್ಲಿ ಸೈನಿಕರ ಮಕ್ಕಳಿಗೆ ವಸತಿಗೃಹಗಳನ್ನು ನಡೆಸುತ್ತದೆ. ಕಚೇರಿಯ ಎದುರಿಗೇ ಘೋರ್ಪಡಿಯ ಯುದ್ಧ ಸ್ಮಾರಕ, 1998ರಲ್ಲಿ ಜನರ ದೇಣಿಗೆಯಿಂದ ಆದದ್ದು. ಸ್ಮಾರಕ ನೋಡಲು ಬರುವವರಲ್ಲಿ ಎಷ್ಟು ಮಂದಿ ರಸ್ತೆಯ ಈಚೆಗೆ ತಲೆ ತಿರುಗಿಸುತ್ತಾರೋ.

ವಳಿವಡೆಗೆ ಮರಳೋಣ. 1945ರಲ್ಲಿ ಯುದ್ಧ ಮುಗಿದಾಗ ಗೆದ್ದವರ ಪಾಳಯದಲ್ಲಿದ್ದೂ ಈ ಜನ ಸೋತರು. ಯಾಲ್ಟಾದಲ್ಲಿ ಕೂತ ಮಿತ್ರಕೂಟದ ಮೂವರು ನಾಯಕರು ಅವರ ಊರುಗಳಿದ್ದ ಪೂರ್ವ ಪೋಲೆಂಡನ್ನು ಸೋವಿಯತ್ತಿಗೆ ಬಿಟ್ಟುಕೊಟ್ಟರು. ಜುಲೈನಲ್ಲಿ ಬ್ರಿಟನ್ ಲಂಡನ್ನಿನ ಪೋಲಿಷ್ ಸರ್ಕಾರಕ್ಕಿದ್ದ ಮಾನ್ಯತೆ ತೆಗೆದು ವಾರ್ಸಾದ ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಟ್ಟಿತು. ಅನಾಥ ಮಕ್ಕಳ ಪೋಷಕರು ಈಗ ಯಾರು? ಹೊಸ ಸರ್ಕಾರ ಮಕ್ಕಳನ್ನು ಒಪ್ಪಿಸಿ ಎಂದು ಕೇಳಿದರೆ ಗತಿಯೇನು? ಬಾಲಾಚಡಿಯಲ್ಲಿ ಇದಕ್ಕೊಂದು ಉಪಾಯ ಹುಡುಕಿದರು ಎಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಜಾಮ್ ಸಾಹೇಬರು, ಶಿಬಿರದ ಮುಖ್ಯಸ್ಥ ಪಾದ್ರಿ ಫ್ರಾನ್ಸಿಶೆಕ್ ಪ್ಲೂಟಾ ಮತ್ತು ಒಬ್ಬ ಬ್ರಿಟಿಷ್ ಅಧಿಕಾರಿ ಸೇರಿ ಮಕ್ಕಳನ್ನು ಒಟ್ಟಾಗಿ ದತ್ತು ಪಡೆದರಂತೆ. ಸಂಸ್ಥಾನದ ಕಾನೂನಿನಲ್ಲಿ ಮಕ್ಕಳಿಗೆ ಅಪ್ಪಂದಿರು ಬಂದರು. 1946ರಲ್ಲಿ ಆ ಶಿಬಿರ ಮುಚ್ಚಿ, ಉಳಿದ ಮಕ್ಕಳು ವಳಿವಡೆಗೆ ಬಂದು ಇಲ್ಲಿನ ಅನಾಥಾಲಯ ಸೇರಿಕೊಂಡರು.

ಇಟಲಿಯ ಪೋಲಿಷ್ ಸೈನಿಕರನ್ನು ಬ್ರಿಟನ್ ತನ್ನ ದೇಶಕ್ಕೆ ಕರೆಸಿಕೊಂಡಿತು. ಅಪ್ಪನೋ ಅಣ್ಣನೋ ಅಲ್ಲಿದ್ದವರಿಗೆ 1947ರ ಕಾನೂನಿನ ಪ್ರಕಾರ ದಾರಿ ತೆರೆಯಿತು. ಉಳಿದವರಲ್ಲಿ ಕೆಲವರು ಪೋಲೆಂಡಿಗೆ, ಕೆಲವರು ಆಫ್ರಿಕಾದ ಶಿಬಿರಗಳಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ. 1948ರಲ್ಲಿ ವಳಿವಡೆ ಖಾಲಿಯಾಯಿತು.

ಖಾಲಿಯಾಗಿ ಬಹಳ ದಿನ ಇರಲಿಲ್ಲ. ದೇಶ ಇಬ್ಭಾಗವಾಗಿ ಸಿಂಧ್‌ನಿಂದ ಮನೆಮಠ ಬಿಟ್ಟ ಜನ ಹಡಗುಗಳಲ್ಲಿ ಮುಂಬೈಗೆ ಬಂದು ಬೀಳುತ್ತಿದ್ದರು. ಕಲ್ಯಾಣದ ಸೈನಿಕ ಶಿಬಿರ ಉಲ್ಲಾಸನಗರವಾಯಿತು, ಪುಣೆಯ ಪಿಂಪ್ರಿಯಲ್ಲಿ ಇನ್ನೊಂದು ಕ್ಯಾಂಪ್ ಎದ್ದಿತು, ವಳಿವಡೆಯ ಪೋಲಿಷ್ ಬ್ಯಾರಕ್ಕುಗಳಿಗೆ ಸಿಂಧಿ ಸಂಸಾರಗಳು ಹೊಕ್ಕವು. ಪಿಂಪ್ರಿಯಂತೆ ಇಲ್ಲೂ ಗಂಟು ಹೊತ್ತು ಬಟ್ಟೆ ಮಾರಿ ಶುರುಮಾಡಿದವರು ಅಂಗಡಿ ಇಟ್ಟರು, ಅಂಗಡಿ ಇಂದಿನ ಗಾಂಧಿನಗರದ ಪೇಟೆಯಾಯಿತು. ತಟ್ಟಿ ಗೋಡೆ ಹೋಗಿ ಇಟ್ಟಿಗೆ ಬಂತು, ಇಟ್ಟಿಗೆ ಹೋಗಿ ಸಿಮೆಂಟು ಮಹಡಿ ಬಂತು. ಶಿಬಿರ ಹಾಳಾಯಿತು ಎಂದು ಬೇಸರಪಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅನಾಥಾಲಯವೆಂಬ ಕಟ್ಟಡ ಅರಮನೆಯಲ್ಲ, ಗುಡಿಯಲ್ಲ. ಒಬ್ಬರ ಕಷ್ಟ ತೀರಿದ ಕೂಡಲೇ ಇನ್ನೊಬ್ಬರ ಕಷ್ಟಕ್ಕೆ ಸಿಕ್ಕಿ ಸವೆದುಹೋದದ್ದು ಅದರ ಮಟ್ಟಿಗೆ ಒಳ್ಳೆಯ ಸಾವು. ಬಾಲಾಚಡಿಯದೂ ಅಂಥದೇ ಭಾಗ್ಯ. 1960ರ ದಶಕದಿಂದ ಆ ಜಾಗದಲ್ಲಿ ಸೈನಿಕ ಶಾಲೆ ನಡೆಯುತ್ತಿದೆ, ಮಕ್ಕಳ ಸದ್ದು ಅಲ್ಲಿ ನಿಂತೇ ಇಲ್ಲ.

ಆದರೂ ಒಂದೇ ಒಂದು ಬ್ಯಾರಕ್ಕನ್ನಾದರೂ ಹಾಗೇ ಉಳಿಸಿಕೊಳ್ಳಬಹುದಿತ್ತಲ್ಲ ಎಂಬ ಮಾತು ಉಳಿಯುತ್ತದೆ. ನೆನಪನ್ನು ಕಾಪಾಡಿದವರು ಹೋದವರೇ. ಭಾರತದಲ್ಲಿದ್ದ ಪೋಲರ ಸಂಘವೊಂದು ಲಂಡನ್ನಿನಲ್ಲಿ ಹುಟ್ಟಿತು. ಆಗಾಗ ಸೇರುತ್ತ, ಫೋಟೊ, ಕಾಗದ, ಹೆಸರು ಕೂಡಿಹಾಕುತ್ತ, ತಮ್ಮ ಭಾರತದ ದಿನಗಳ ದೊಡ್ಡ ಪುಸ್ತಕವೊಂದನ್ನು ಪೋಲಿಷಿನಲ್ಲೂ ಆಮೇಲೆ 2009ರಲ್ಲಿ ಇಂಗ್ಲಿಷಿನಲ್ಲೂ ತಂದರು. ಅವರೇ ಮುಂದೆ ನಿಂತು 1998ರಲ್ಲಿ ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲಿ ಒಂದು ಸ್ತಂಭ ನಿಲ್ಲಿಸಿದರು. ಸ್ಮಶಾನದ ಗೋರಿಗಳನ್ನು ಪೋಲೆಂಡಿನ ದೂತಾವಾಸ ದುರಸ್ತಿ ಮಾಡಿಸಿತು. ನಮ್ಮ ಕಡೆಯಿಂದ ಆದ ಗಟ್ಟಿ ಕೆಲಸವೆಂದರೆ ಅನುರಾಧಾ ಭಟ್ಟಾಚಾರ್ಜಿ ಅವರದು. ಪುಣೆ ವಿಶ್ವವಿದ್ಯಾಲಯದ ಪಿಎಚ್.ಡಿ.ಗಾಗಿ ಅವರು ಪತ್ರಾಗಾರದ ಕಡತಗಳನ್ನು ಕೆದಕಿ, ಬದುಕಿದ್ದವರನ್ನು ಹುಡುಕಿ ಮಾತಾಡಿಸಿದರು. 2012ರಲ್ಲಿ ಅದು ಪುಸ್ತಕವಾಗಿ ಬಂದ ಮೇಲೆಯೇ ಈ ವಿಷಯ ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಓಡಾಡತೊಡಗಿದ್ದು.

ಆಮೇಲಿನದು ರಾಜತಾಂತ್ರಿಕರ ಹಬ್ಬ. ವಾರ್ಸಾದಲ್ಲಿ ಜಾಮ್ ಸಾಹೇಬರ ಹೆಸರಿನ ಚೌಕ, ಅವರ ಹೆಸರಿನ ಶಾಲೆ, 2017ರಲ್ಲಿ ಕೊಲ್ಲಾಪುರದ ಹೆಸರಿನಲ್ಲೂ ಒಂದು ಫಲಕ. 2019ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಉಪ ವಿದೇಶಾಂಗ ಸಚಿವರು ಹಿರಿಯರ ತಂಡದೊಂದಿಗೆ ವಳಿವಡೆಗೆ ಬಂದು ಸ್ತಂಭ ಅನಾವರಣ ಮಾಡಿದರು, ವಸ್ತುಸಂಗ್ರಹಾಲಯದ ಮಾತೂ ಎದ್ದಿತು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ವಾರ್ಸಾಕ್ಕೆ ಹೋದಾಗ ಜಾಮ್ ಸಾಹೇಬರ ಸ್ಮಾರಕ, ಕೊಲ್ಲಾಪುರ ಸ್ಮಾರಕ, ಮಾಂಟೆ ಕ್ಯಾಸಿನೊ ಸ್ಮಾರಕ ಮೂರಕ್ಕೂ ಹೂವಿಟ್ಟರು. ಒಂದೇ ಸಂಜೆ ಮೂರೂ ಒಟ್ಟಿಗೆ ಸೇರಿದ್ದು ಸರಿಯೇ ಆಯಿತು. ಮೂರೂ ಒಂದೇ ಕಥೆಯ ತುಣುಕುಗಳು.

ಕೃತಜ್ಞತೆ ಹೇಳುವವರು ಹೇಳಿಯಾಯಿತು, ಸ್ವೀಕರಿಸುವವರು ಸ್ವೀಕರಿಸಿಯಾಯಿತು. ಇನ್ನು ಬೇಕಾದದ್ದು ಊರಿನವರ ಕೆಲಸ. ಶಿಬಿರದ ಮಕ್ಕಳಲ್ಲಿ ಈಗ ಬದುಕಿರುವವರು ಎಂಬತ್ತು ದಾಟಿದವರು. ಈಚೆಯ ದಂಡೆಯಲ್ಲೂ ಅದೇ ಪ್ರಾಯದವರಿದ್ದಾರೆ: ಬೇಲಿಯ ಆಚೆ ನಿಂತು ಬಿಳಿ ಮಕ್ಕಳನ್ನು ನೋಡಿದವರು, ಅಪ್ಪ ಅಲ್ಲಿಗೆ ಹಾಲು ತರಕಾರಿ ಹಾಕುತ್ತಿದ್ದುದನ್ನು ಕಂಡವರು, ಪೋಲರು ಬಿಟ್ಟುಹೋದ ಕೋಣೆಯಲ್ಲಿ ಮೊದಲ ರಾತ್ರಿ ಮಲಗಿದ ಸಿಂಧಿ ಮಕ್ಕಳು. ಇವರ ಮಾತನ್ನು ಮರಾಠಿ, ಸಿಂಧಿ, ಕನ್ನಡ ಯಾವುದರಲ್ಲಿ ಬಂದರೆ ಅದರಲ್ಲಿ ಧ್ವನಿಮುದ್ರಿಸಿಕೊಳ್ಳಲು ಸಂಗ್ರಹಾಲಯದ ಕಟ್ಟಡ ಏಳುವವರೆಗೆ ಕಾಯಬೇಕಿಲ್ಲ. ಕೊಲ್ಲಾಪುರದಲ್ಲೂ ಪುಣೆಯಲ್ಲೂ ಸರ್ಕಾರಿ ಪತ್ರಾಗಾರಗಳಿವೆ, ಶಿವಾಜಿ ವಿಶ್ವವಿದ್ಯಾಲಯವಿದೆ, ಒಂದು ಫೋನು ಹಿಡಿದು ಹೋಗುವ ನಾಲ್ಕು ವಿದ್ಯಾರ್ಥಿಗಳು ಸಾಕು. ಜೊತೆಗೆ ವಳಿವಡೆ ನಿಲ್ದಾಣದಲ್ಲಿ ಒಂದು ಫಲಕ. ಅದರಲ್ಲಿ ಪೋಲರ ಹೆಸರಿನ ಕೆಳಗೆ, ಅವರ ನಂತರ ಅದೇ ಬ್ಯಾರಕ್ಕುಗಳಲ್ಲಿ ಒಲೆ ಹೂಡಿದ ಸಿಂಧಿಗಳ ಹೆಸರೂ ಬರೆದಿರಲಿ.